ನಾಲ್ಕನೆಯ ಚೆಂಡು

ಆ ಶನಿವಾರ ಮಧ್ಯಾಹ್ನ ನಾನು ದುಬೈಯ ರಾಸ್ ಅಲ್ ಖೋರಿನ ಗ್ಯಾರೇಜಿಗೆ ಹೋದಾಗ ಫೋರ್ಮನ್ ಅಣ್ಣ ಒಂದು ಬಿಳಿ ಕಾರಿನ ಬಾಗಿಲ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಂತಿದ್ದರು. ತಗ್ಗಾದ ತಗಡನ್ನು ಬಡಿದು ಸರಿ ಮಾಡಿದ ಮೇಲೆ ಅದು ಸಮವಾಗಿದೆಯೇ ಎಂದು ಅವರು ಕೈಯಿಂದಲೇ ನೋಡುತ್ತಿದ್ದರು. ಕಣ್ಣು ತೆರೆಯದೆಯೇ ಮಾತಾಡಿದರು.

"ಸಾಹೇಬ್ರು ಬಂದ್ರಾ?"

"ಹೇಗೆ ಗೊತ್ತಾಯ್ತು ಅಣ್ಣ?"

"ನೀನು ಚಪ್ಪಲಿ ಎಳ್ಕೊಂಡು ನಡೀತೀಯಲ್ಲ ಮಾರಾಯ. ನೈಫಿನಲ್ಲಿ ನಿನ್ನ ಅಂಗಡಿಯಿಂದ ಹೊರಟ್ರೆ ಇಲ್ಲಿಗೆ ಕೇಳ್ತದೆ."

ಮೂಲೆಯ ಕೆಫೆಟೇರಿಯಾದಿಂದ ಎರಡು ಕರಕ್ ಚಾ ಬಂತು. ನನ್ನದಕ್ಕೆ ಸಕ್ಕರೆ ಕಡಿಮೆ. ನಾನು ಒಂದು ಹಳೆಯ ಟಯರಿನ ಮೇಲೆ ಕುಳಿತೆ. ಅವರು ಕುಳಿತುಕೊಳ್ಳಲಿಲ್ಲ. ಅವರು ಕುಳಿತು ಚಾ ಕುಡಿದದ್ದನ್ನು ನಾನು ಹನ್ನೊಂದು ವರ್ಷದಲ್ಲಿ ನೋಡಿಲ್ಲ. ಲೋಟ ಹಿಡಿದುಕೊಂಡು ಕಾರಿನಿಂದ ಕಾರಿಗೆ ಹೋಗುತ್ತ, ಪೇಂಟರಿಗೆ ಏನೋ ಹೇಳಿ, ಮತ್ತೆ ನನ್ನ ಹತ್ತಿರ ಬಂದು, ಅರ್ಧ ವಾಕ್ಯ ಮಾತಾಡಿ ಮತ್ತೆ ಹೊರಡುತ್ತಿದ್ದರು.

ಆಟಗಾರರ ಹರಾಜಿಗೆ ಇನ್ನು ಮೂರು ವಾರವಿತ್ತು. ಚಳಿಗಾಲದಲ್ಲಿ ನಮ್ಮ ಕರಾವಳಿಯವರು ದುಬೈಯಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಪಂದ್ಯಾವಳಿ ನಡೆಸುತ್ತೇವೆ. ಒಂದು ತಂಡಕ್ಕೆ ಎಂಟು ಓವರ್. ಎಂಟನೆಯ ಓವರಿನಲ್ಲೇ ಹೆಚ್ಚಿನ ಪಂದ್ಯಗಳು ತೀರ್ಮಾನವಾಗುವುದರಿಂದ, ಆ ಓವರ್ ಹಾಕುವವನು ಯಾರೆಂಬುದರ ಮೇಲೆ ಹರಾಜಿಗೆ ಮೊದಲು ತಿಂಗಳುಗಟ್ಟಲೆ ಜಗಳವಾಗುತ್ತದೆ. ಹಿಂದಿನ ವರ್ಷ ನಮ್ಮಲ್ಲಿ ಆ ಕೆಲಸ ಮಾಡಿದ್ದ ನೌಫಲ್ ಬೇರೆ ಕೆಲಸ ಸಿಕ್ಕಿ ಅಬುಧಾಬಿಗೆ ಹೋಗಿಬಿಟ್ಟಿದ್ದ.

"ಈ ಸಲ ಕೊನೆ ಓವರಿನವನನ್ನು ನೀನೇ ಆರಿಸು," ಎಂದರು ಫೋರ್ಮನ್ ಅಣ್ಣ. "ನಾನು ಸುಮ್ಮನೆ ಹತ್ತಿರ ಕೂರ್ತೇನೆ. ನಿನಗೆ ಕಣ್ಣು ಉಂಟು."

ನಾನು ಅಂದು ಅಲ್ಲಿಗೆ ಹೋದದ್ದೇ ನನಗೆ ಕಣ್ಣು ಇಲ್ಲವೆಂದು ಹೇಳಲು. ಬಸ್ಸಿನಲ್ಲಿ ಬರುವಾಗ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಆ ಬಿಳಿ ಕಾರಿನ ಮಾಲೀಕ ಬಂದು, ಯಾವಾಗ ಕೊಡುತ್ತೀರಿ ಎಂದು ಕೂಗಾಡಲು ಶುರು ಮಾಡಿದ. ನಾನು ಗಡಿಯಾರ ನೋಡಿದೆ. ನಾಲ್ಕಕ್ಕೆ ಅಂಗಡಿಯಲ್ಲಿರಬೇಕಿತ್ತು.

"ನಾಳೆ ಗ್ರೌಂಡಿಗೆ ಬರ್ತೀಯಲ್ಲ?" ಅವರು ಮಾಲೀಕನ ಹೆಗಲ ಮೇಲಿಂದ ಕೇಳಿದರು.

"ಬರ್ತೇನೆ ಅಣ್ಣ."

ನಾಳೆ ಹೇಳಿದರಾಯಿತು ಎಂದುಕೊಂಡು ಹೊರಟೆ.

ಭಾನುವಾರ ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಿರುವಾಗ ಫೋನ್ ಬಂತು. ಗ್ಯಾರೇಜಿನ ಬಾಂಗ್ಲಾದೇಶಿ ಪೇಂಟರ್ ಅಳುತ್ತಿದ್ದ. "ಭಾಯ್, ಫೋರ್ಮನ್ ಉಠ್ ನಹೀ ರಹಾ."

ಅವರು ಮತ್ತೆ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು ಎಂದರು ಆಸ್ಪತ್ರೆಯವರು. ಅವರಿಗೆ ಐವತ್ತೆಂಟು.

ಅವರ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಆ ಹೆಸರು ಗೊತ್ತಾದದ್ದೇ ಮರಣಪತ್ರದಲ್ಲಿ. ಎಲ್ಲರಿಗೂ ಅವರು ಫೋರ್ಮನ್. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಆದ್ದರಿಂದ ನನಗೆ ಫೋರ್ಮನ್ ಅಣ್ಣ. ಮೂಲ್ಕಿ ಕಡೆಯವರು. ನಾನು ಬಂಟ್ವಾಳದ ಬ್ಯಾರಿ, ಪಿಯುಸಿ ಮುಗಿಸಿ, ಊರಿನಲ್ಲೇ ಕೆಲವು ವರ್ಷ ಕಳೆದು ಬಂದು ನೈಫಿನ ಒಂದು ಸೂಟ್‌ಕೇಸ್ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿ ನಿಂತವನು. ಮೊದಲ ವರ್ಷ ಇಲ್ಲಿ ನನಗೆ ರಜೆಯ ದಿನ ಬಂದರೆ ಭಯ. ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ. ಅಂಗಡಿಗೆ ಬ್ಯಾಗ್ ಕೊಳ್ಳಲು ಬಂದ ಅವರು ನನ್ನ ಮಾತು ಕೇಳಿ, "ಊರು ಯಾವುದು? ವಿಕೆಟ್ ಕೀಪಿಂಗ್ ಮಾಡ್ತೀಯಾ?" ಎಂದು ಒಂದೇ ಉಸಿರಿನಲ್ಲಿ ಕೇಳಿದರು. ಮಾಡುತ್ತೇನೆ ಎಂದೆ. ಅದು ಅರ್ಧ ಸುಳ್ಳು. ಆಮೇಲೆ ಅವರೇ ಕಲಿಸಿದರು.

ಪಂದ್ಯದ ದಿನ ಎಲ್ಲರೂ ನೆರಳಿನಲ್ಲಿ ಕುಳಿತರೆ ಅವರು ಬೌಂಡರಿ ಗೆರೆಯ ಹೊರಗೆ ಸುತ್ತು ಹಾಕುತ್ತಿದ್ದರು. ಕೈಯಲ್ಲಿ ನೀರಿನ ಬಾಟಲಿ, ತಲೆಯ ಮೇಲೆ ಟವೆಲ್. ಒಂದು ಇನ್ನಿಂಗ್ಸಿಗೆ ಐದಾರು ಸುತ್ತು. ನಮ್ಮವರೊಬ್ಬರು ಅವರನ್ನು ನೋಡಿ, "ಇವರಿಗೆ ಸೆಕ್ಯೂರಿಟಿ ಡ್ಯೂಟಿ ಯಾರು ಕೊಟ್ಟದ್ದು?" ಎನ್ನುತ್ತಿದ್ದರು. ಬೌಲರ್ ಬದಲಾದಾಗ ಮಾತ್ರ ನಿಲ್ಲುತ್ತಿದ್ದರು. ಅದೂ ಬೌಲರ್ ಓಡಿ ಬರುವ ಬೆನ್ನ ಹಿಂದೆ, ದೂರದಲ್ಲಿ.

ಸಿಕ್ಸರ್ ಹೋದಾಗ ನಾವೆಲ್ಲ ಚೆಂಡು ಎಲ್ಲಿ ಬಿತ್ತೆಂದು ನೋಡುತ್ತೇವೆ. ಅವರು ನೋಡುತ್ತಿದ್ದದ್ದು ಬೌಲರನ್ನು.

"ಹೊಡೆಸಿಕೊಂಡವ ಮೊದಲು ಯಾರ ಮುಖ ನೋಡ್ತಾನೆ, ಅದನ್ನು ನೋಡು," ಎಂದು ನನಗೆ ಹೇಳಿಕೊಟ್ಟರು. "ಕ್ಯಾಪ್ಟನ್ ಮುಖ ನೋಡಿದ್ರೆ ಅವನಿಗೆ ಹೆದರಿಕೆ. ಫೀಲ್ಡರ್ ಮುಖ ನೋಡಿದ್ರೆ ತಪ್ಪು ಬೇರೆಯವರ ತಲೆಗೆ. ಬ್ಯಾಟ್ಸ್‌ಮನ್ ಕಾಲು ಎಲ್ಲಿತ್ತು ಅಂತ ನೋಡಿದ್ರೆ, ಹಾ, ಅವನಿಗೆ ಇನ್ನೊಂದು ಓವರ್ ಕೊಡು."

"ವಿಕೆಟ್ ಎಷ್ಟು ತೆಗ್ದ ಅಂತ ಬೇಡ್ವಾ ಅಣ್ಣ?"

"ಟೆನಿಸ್ ಬಾಲಲ್ಲಿ ವಿಕೆಟ್ ತೆಗೆಯುವುದು ಯಾರು? ಬ್ಯಾಟ್ಸ್‌ಮನ್ನೇ ಕೈಗೆ ತಂದು ಕೊಡ್ತಾನೆ."

ಹರಾಜಿಗೆ ಮೊದಲು ಅವರದ್ದೊಂದು ಪರೀಕ್ಷೆ ಇತ್ತು. ಇದನ್ನು ತಂಡದಲ್ಲಿ ನಾವು ಮೂರು ನಾಲ್ಕು ಜನ ಬಿಟ್ಟರೆ ಹೊರಗಿನವರಿಗೆ ಗೊತ್ತಿಲ್ಲ. ಮಧ್ಯಾಹ್ನದ ವಿರಾಮದಲ್ಲಿ ಬೌಲರನ್ನು ಚಾ ಕುಡಿಯಲು ಗ್ಯಾರೇಜಿಗೆ ಕರೆಯುವುದು. ಹಿಂದಿನ ಓಣಿಯಲ್ಲಿ ಥಿನ್ನರಿನ ಖಾಲಿ ಡಬ್ಬ ಇಟ್ಟು, "ಸುಮ್ಮನೆ ಆರು ಬಾಲ್ ಹಾಕು ನೋಡುವ" ಎನ್ನುವುದು. ಅಂಪೈರ್ ಅವರೇ. ಎರಡು ಚೆಂಡು ಸುಮ್ಮನಿರುತ್ತಿದ್ದರು. ಮೂರನೆಯ ಚೆಂಡಿಗೆ, ಕಾಲು ಗೆರೆಯ ಒಳಗೇ ಇದ್ದರೂ, ಕೈ ಚಾಚಿ "ನೋ ಬಾಲ್" ಎಂದು ಜೋರಾಗಿ ಕೂಗುತ್ತಿದ್ದರು. ಮುಖದಲ್ಲಿ ನಗುವಿನ ಎಳೆಯೂ ಇರುತ್ತಿರಲಿಲ್ಲ.

ಒಬ್ಬ ಚೆಂಡನ್ನು ಎಸೆದು ಜಗಳಕ್ಕೇ ಬಂದ. ಒಬ್ಬ ನಕ್ಕು, "ಆಯ್ತು ಅಂಕಲ್, ನೋ ಬಾಲ್ ಅಂದ್ರೆ ನೋ ಬಾಲ್" ಎಂದು ಮುಂದಿನದನ್ನು ಮೆತ್ತಗೆ ಹಾಕಿದ. ಇನ್ನೊಬ್ಬ ಏನೂ ಹೇಳದೆ, ಆದರೆ ಕಿವಿ ಕೆಂಪಾಗಿ, ನಾಲ್ಕನೆಯ ಚೆಂಡನ್ನು ಡಬ್ಬ ಹಾರಿಹೋಗುವಷ್ಟು ಜೋರಾಗಿ ಹಾಕಿದ. ನಾವು ಚಪ್ಪಾಳೆ ತಟ್ಟಿದೆವು. ಫೋರ್ಮನ್ ಅಣ್ಣ ಅವನಿಗೆ ಚಾ ಕುಡಿಸಿ ಕಳಿಸಿ, ಆಮೇಲೆ ಬೇಡ ಎಂದರು.

"ಡಬ್ಬಕ್ಕೆ ಸರೀ ತಾಗಿತಲ್ಲ ಅಣ್ಣ!"

"ತಾಗಿತು. ಕೋಪ ಬರಬೇಕು ಮಾರಾಯ, ಬಾರದವ ಯಾಕೆ ಬೇಕು? ಬಂದ ಕೋಪ ಚೆಂಡಿಗೆ ಹೋಗಬಾರದು. ನಾಲ್ಕನೇ ಬಾಲ್ ಎರಡನೇ ಬಾಲಿನ ಹಾಗೇ ಬರ್ಬೇಕು. ಅದೇ ಓಟ, ಅದೇ ಕೈ. ಮೂರನೇದು ಆಗಲೇ ಇಲ್ಲ ಅನ್ನುವ ಹಾಗೆ."

ಈ ಪರೀಕ್ಷೆ ಒಬ್ಬನಿಗೆ ಒಂದೇ ಸಲ ಆಗುತ್ತದೆ. ಎರಡನೆಯ ಸಲ ಅವನಿಗೆ ಗೊತ್ತಿರುತ್ತದೆ.

ಅವರ ಆಯ್ಕೆ ಯಾವಾಗಲೂ ಸರಿಯಾಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಒಂದು ವರ್ಷ ಅವರು ಹಟ ಹಿಡಿದು ತಂದವನು ಸೆಮಿಫೈನಲಿನ ಕೊನೆಯ ಓವರಿನಲ್ಲಿ ನಾಲ್ಕು ಸಿಕ್ಸರ್ ಕೊಟ್ಟ. ಆ ದಿನ ಅವರು ಸುತ್ತು ಹಾಕುವುದನ್ನು ನಿಲ್ಲಿಸಿ ನೇರವಾಗಿ ನಮ್ಮ ನಡುವೆ ಬಂದು ನಿಂತರು. "ಅವನನ್ನು ಬೈಬೇಡಿ. ತಂದದ್ದು ನಾನು. ನನ್ನ ತಪ್ಪು." ಅಷ್ಟು ಹೇಳಿ ಐಸ್ ಪೆಟ್ಟಿಗೆಯನ್ನು ತಾವೇ ಹೊತ್ತುಕೊಂಡು ಪಿಕಪ್ಪಿಗೆ ಹಾಕಿದರು.

ಗ್ಯಾರೇಜಿಗೆ ಕಾರು ತರುತ್ತಿದ್ದ ಒಬ್ಬ ಜಪಾನಿ ಎಂಜಿನಿಯರ್ ಇದ್ದ. ಬಣ್ಣ ಒಣಗುವವರೆಗೆ ಅವನು ಫೋನಿನಲ್ಲಿ ಬೇಸ್‌ಬಾಲ್ ನೋಡುತ್ತಿದ್ದ. ಒಂದು ದಿನ ಅವನು ತಲೆಯ ಮೇಲೆ ಕೈ ಹೊತ್ತು ಕುಳಿತದ್ದನ್ನು ನೋಡಿ ಫೋರ್ಮನ್ ಅಣ್ಣ ವಿಚಾರಿಸಿದರು. ಅವನ ಊರಿನ ತಂಡ ಯಾರೋ ಒಬ್ಬ ಪಿಚರನ್ನು ದೊಡ್ಡ ಕರಾರು ಮಾಡಿ ತಂದಿದೆಯಂತೆ. ಪಿಚರ್ ಎಂದರೆ ನಮ್ಮ ಬೌಲರ್ ಇದ್ದ ಹಾಗೆ. ಅವನ ಕೆಲಸ ಆಟದ ಕೊನೆಯಲ್ಲಿ ಬಂದು ಒಂದೇ ಒಂದು ಸರದಿ ಎಸೆದು ಹೋಗುವುದು. ಅವನು ಪ್ರಯೋಜನವಿಲ್ಲದವನು, ಅಂಕಿಗಳೇ ಹೇಳುತ್ತವೆ ಎಂದು ಜಪಾನಿಗೆ ಸಿಟ್ಟು.

ಫೋರ್ಮನ್ ಅಣ್ಣನಿಗೆ ಆ ದಿನ ಆದ ಖುಷಿ ಹೇಳತೀರದು. ಸಂಜೆಯೇ ನನಗೆ ಫೋನ್ ಮಾಡಿದರು. "ಕೇಳಿದ್ಯಾ ಸಾಹೇಬ್ರೇ, ಅವರಲ್ಲಿ ಕೊನೆಗೆ ಬರುವವನೇ ಬೇರೆ ಜಾತಿ! ಬೇರೆ ಪ್ರಾಕ್ಟೀಸ್, ಬೇರೆ ಕೋಚ್. ಆಟ ಶುರುವಾದಾಗ ಅವ ಗ್ರೌಂಡಲ್ಲೇ ಇರುವುದಿಲ್ಲ. ಮೂಲೆಯಲ್ಲಿ ಒಂದು ಕೊಟ್ಟಿಗೆ ಉಂಟು, ಅಲ್ಲಿ ಕೂತಿರ್ತಾನೆ. ಕರೆದಾಗ ಬಾಗಿಲು ತೆಗೆದು ನಡ್ಕೊಂಡು ಬರ್ತಾನೆ. ನಾನು ಇಷ್ಟು ವರ್ಷ ಇಲ್ಲಿ ಗಂಟಲು ಹರ್ಕೊಂಡದ್ದು ಇದನ್ನೇ ಅಲ್ವಾ?"

ಆಮೇಲೆ ಆ ಜಪಾನಿ ಬಂದಾಗಲೆಲ್ಲ ಇಬ್ಬರಿಗೂ ವಾದ. ಇಬ್ಬರ ಇಂಗ್ಲಿಷೂ ಅರ್ಧಂಬರ್ಧ. ಅವನು ಫೋನಿನಲ್ಲಿ ಅಂಕಿಗಳ ಪಟ್ಟಿ ತೋರಿಸುವನು. ಇವರು ಅದನ್ನು ಪಕ್ಕಕ್ಕೆ ಸರಿಸಿ, "ನಂಬರ್ ಓಕೆ, ಓಕೆ. ಹೋಮ್ ರನ್ ಹೊಡೆದ ಮೇಲೆ ಇವನ ಮುಖ ತೋರಿಸು" ಎನ್ನುವರು. ಬೇಸ್‌ಬಾಲಿನ ನಿಯಮ ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಆದರೂ ಊಟದ ಹೊತ್ತಿನಲ್ಲಿ ಆ ಪಿಚರ್ ನಡೆದು ಬರುವ ವಿಡಿಯೋ ಹಾಕಿಕೊಂಡು ನೋಡುತ್ತಿದ್ದರು. ಎಸೆಯುವುದನ್ನು ನೋಡುವ ಮೊದಲೇ ನಿಲ್ಲಿಸಿ, ಮತ್ತೆ ನಡೆಯುವುದನ್ನೇ ಹಾಕುತ್ತಿದ್ದರು. "ಅವಸರ ಇಲ್ಲ ನೋಡು," ಎನ್ನುತ್ತಿದ್ದರು. ತಾವು ಮಾತ್ರ ಒಂದು ಕ್ಷಣ ಒಂದು ಕಡೆ ನಿಲ್ಲುವವರಲ್ಲ.

ಈಗ ನಾನು ಬರೆಯಬೇಕಾದ ವಿಷಯಕ್ಕೆ ಬರುತ್ತೇನೆ.

ಹಿಂದಿನ ವರ್ಷದ ಹರಾಜಿಗೆ ಮೊದಲು ಡಿಸ್ಕವರಿ ಗಾರ್ಡನ್ಸಿನಲ್ಲಿರುವ ರಿತೇಶನ ಫ್ಲ್ಯಾಟಿನಲ್ಲಿ ಸಭೆ. ರಿತೇಶ್ ನಮ್ಮ ತಂಡದ ಮ್ಯಾನೇಜರ್. ಯಾವುದೋ ಕಂಪನಿಯಲ್ಲಿ ಅಕೌಂಟೆಂಟ್, ಬುದ್ಧಿವಂತ. ಪ್ರತಿ ಪಂದ್ಯದ ಪ್ರತಿ ಚೆಂಡನ್ನೂ ಫೋನಿನ ಆ್ಯಪಿಗೆ ತುಂಬಿಸುವವನು ಅವನೇ. ಕೊನೆಯ ಓವರಿಗೆ ಇಬ್ಬರ ಹೆಸರು ಬಂತು. ಒಬ್ಬ ನೌಫಲ್, ವೇಗದವನು. ಇನ್ನೊಬ್ಬ ಜೋಕಿಂ, ಶಾಲಾ ಬಸ್ಸಿನ ಡ್ರೈವರ್, ನಿಧಾನ. ಇಬ್ಬರನ್ನೂ ಫೋರ್ಮನ್ ಅಣ್ಣ ಬೌಂಡರಿಯ ಹೊರಗಿನಿಂದ ಎರಡು ವರ್ಷ ನೋಡಿದ್ದರು. ಜೋಕಿಂ ಸಾಕು ಎಂದರು. ಓಣಿಯ ಪರೀಕ್ಷೆ ಅವನಿಗೆ ಬೇಡವೇ ಬೇಡ ಎಂದರು.

ರಿತೇಶ್ ಫೋನ್ ಮುಂದೆ ಹಿಡಿದ. "ಅಣ್ಣ, ಇಲ್ಲಿ ನೋಡಿ. ನೌಫಲ್ ಕೊಟ್ಟ ರನ್ನಿಗೆ ಜೋಕಿಂದು ಹೆಚ್ಚು ಕಮ್ಮಿ ಡಬಲ್. ಇದರಲ್ಲಿ ಮಾತಾಡ್ಲಿಕ್ಕೆ ಎಂತ ಉಂಟು?"

"ನೌಫಲ್ ಎಷ್ಟನೇ ಓವರ್ ಹಾಕ್ತಾನೆ?"

"ಎರಡನೇದು, ನಾಲ್ಕನೇದು."

"ಜೋಕಿಂ?"

"ಕೊನೇದು."

"ಮತ್ತೆ? ಮದುವೆ ಊಟಕ್ಕೆ ಮೊದಲ ಪಂಕ್ತಿಗೆ ಬಡಿಸುವವನನ್ನೂ ಕೊನೆ ಪಂಕ್ತಿಗೆ ಬಡಿಸುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗ್ತೀಯಾ? ಕೊನೆಯವನ ಬಕೆಟಲ್ಲಿ ಎಂತ ಉಳಿದಿರ್ತದೆ ಹೇಳು?"

ಎಲ್ಲರೂ ನಕ್ಕರು. ರಿತೇಶನೂ ನಕ್ಕ, ಆದರೆ ಬಿಡಲಿಲ್ಲ. "ಸರಿ, ಕೊನೆ ಓವರ್ ಮಾತ್ರ ಬೇರೆ ತೆಗೀತೇನೆ. ಆಗಲೂ ಜೋಕಿಂ ಸಾಧಾರಣ. ನೀವು ಮುಖ ನೋಡ್ತೀರಿ, ಕಾಲು ನೋಡ್ತೀರಿ. ಅದನ್ನು ನಾನು ಎಲ್ಲಿ ಬರೆಯಲಿ? ನಾಳೆ ಸೋತ್ರೆ ಎಂತ ಹೇಳುವುದು, ಮುಖ ಸರಿ ಇತ್ತು ಅಂತಾ?"

"ಬರೆಯಲಿಕ್ಕೆ ಆಗದ್ದು ಇಲ್ಲ ಅಂತಲ್ಲ ಮಾರಾಯ."

"ಹಾಗಾದ್ರೆ ವೋಟ್ ಮಾಡುವ. ನೌಫಲ್ ಬೇಕಾದವರು ಕೈ ಎತ್ತಿ."

ನಾಲ್ಕು ಕೈ ಎದ್ದವು. ಬೇಡವೆಂದವರು ನಾಲ್ಕು ಜನ. ನಾನು ಉಳಿದಿದ್ದೆ. ರಿತೇಶ್ ನನ್ನನ್ನು ಕೇಳುವ ಮೊದಲೇ ಸೋಫಾದ ಮೇಲಿಂದ ಯಾರೋ ಹೇಳಿದರು: "ಅವನನ್ನು ಯಾಕೆ ಕೇಳ್ತೀ? ಲಾರಿ ಎಲ್ಲಿಗೆ ಹೋದ್ರೆ ಟ್ರೇಲರ್ ಅಲ್ಲಿಗೆ."

ದೊಡ್ಡ ನಗು. ರಿತೇಶನ ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿದಳು. ನನ್ನ ಕಿವಿ ಬಿಸಿಯಾಯಿತು. ನಾನು ಕೈ ಎತ್ತಿದೆ.

ನೌಫಲ್ ಒಳ್ಳೆಯವನೆಂದು ನನಗೆ ಅನಿಸಿ ಅಲ್ಲ. ಆ ಗಳಿಗೆಯಲ್ಲಿ ನೌಫಲನೂ ಜೋಕಿಮನೂ ನನ್ನ ತಲೆಯಲ್ಲಿರಲಿಲ್ಲ. ನಾನು ಟ್ರೇಲರ್ ಅಲ್ಲ ಎಂದು ಆ ಸೋಫಾದವನಿಗೆ ತೋರಿಸಬೇಕಿತ್ತು, ಅಷ್ಟೆ.

ಫೋರ್ಮನ್ ಅಣ್ಣ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ, "ಆಯ್ತು, ಖಲಾಸ್. ನೌಫಲ್," ಎಂದರು. ರಿತೇಶನ ಪುಟ್ಟ ಮಗಳು ಅವರ ಮೊಣಕಾಲು ಹಿಡಿದು, "ಅಂಕಲ್, ಯು ಲಾಸ್ಟ್?" ಎಂದು ಕೇಳಿದಳು. "ಯೆಸ್ ಪುಟ್ಟಾ, ಲಾಸ್ಟ್. ಸೋತೆ," ಎಂದು ಅವಳ ಕೈಗೆ ತಮ್ಮ ಪಾಲಿನ ಬಿಸ್ಕೆಟ್ ಕೊಟ್ಟರು.

ನನ್ನನ್ನು ನೈಫಿಗೆ ಬಿಟ್ಟು ಹೋಗುವುದು ಅವರ ಪಿಕಪ್ಪೇ. ಅಲ್ಲಿಂದ ಇಲ್ಲಿಗೆ ದೂರ. ದಾರಿಯುದ್ದಕ್ಕೂ ಯಾಕೆ ಹಾಗೆ ಮಾಡಿದಿ ಎಂದು ಕೇಳುತ್ತಾರೆಂದು ಕಾದೆ. ಕೇಳಿದ್ದರೆ ಹೇಳುತ್ತಿದ್ದೆ. ಅವರು ಕಾರಿನ ಒಂದು ಮೆಟಾಲಿಕ್ ಬಣ್ಣ ಬಿಸಿಲಿನಲ್ಲಿ ಒಂದು ರೀತಿ, ನೆರಳಿನಲ್ಲಿ ಒಂದು ರೀತಿ ಕಾಣುವ ತಾಪತ್ರಯದ ಬಗ್ಗೆ ಮಾತಾಡಿದರು. ಇಳಿಯುವಾಗ, "ಬಾಗಿಲು ಜೋರಾಗಿ ಹಾಕು, ಲಾಕ್ ಸರಿಯಿಲ್ಲ," ಎಂದರು. ಮುಂದಿನ ಶನಿವಾರ ನಾನು ಹೋಗಲೋ ಬೇಡವೋ ಎಂದು ಎರಡು ಬಸ್ಸು ಬಿಟ್ಟು ಮೂರನೆಯದರಲ್ಲಿ ಹೋದೆ. ಎರಡು ಚಾ ತರಿಸಿದರು. ನನ್ನದಕ್ಕೆ ಸಕ್ಕರೆ ಕಡಿಮೆ.

ಆ ವರ್ಷ ನಾವು ಗೆದ್ದೆವು. ಫೈನಲಿನಲ್ಲಿ ನೌಫಲ್ ಕೊನೆಯ ಓವರ್ ಹಾಕಿ, ಏಳು ರನ್ ಬೇಕಿದ್ದವರಿಗೆ ನಾಲ್ಕೇ ಕೊಟ್ಟ. ಎಲ್ಲರೂ ಅವನನ್ನು ಎತ್ತಿಕೊಂಡು ಕುಣಿದರು. ಫೋರ್ಮನ್ ಅಣ್ಣ ಇಡೀ ಮೈದಾನ ದಾಟಿ ಬಂದು, "ಚೆಂದ ಹಾಕಿದಿ ಮಾರಾಯ," ಎಂದು ಅವನ ಬೆನ್ನು ತಟ್ಟಿದರು. ಆಮೇಲೆ ನನ್ನ ಹತ್ತಿರ ಬಂದರು. ನಾನು ಗ್ಲೌಸ್ ಬಿಚ್ಚುತ್ತಿದ್ದೆ.

"ನಿಂದು ಸರಿ ಆಯ್ತು," ಎಂದರು. "ನಾನು ನೋಡದ್ದನ್ನು ನೀನು ನೋಡಿದ್ದಿ."

ಅವರು ಕುಹಕ ಮಾಡುವವರಲ್ಲ. ಮನಸ್ಸಿನಿಂದಲೇ ಹೇಳಿದರು. ನಾನು ಗ್ಲೌಸಿನ ಪಟ್ಟಿ ಎಳೆಯುತ್ತಲೇ ಇದ್ದೆ.

ಅಂದಿನಿಂದ ಅವರು ಬದಲಾದರು. ಯಾವ ಬೌಲರ್ ಬಂದರೂ ನನ್ನ ಹತ್ತಿರ ಬಂದು, "ನಿನಗೆ ಎಂತ ಕಾಣ್ತದೆ?" ಎಂದು ಕೇಳುವರು. ನಾನು ಏನೋ ಒಂದು ಹೇಳಿದರೆ ತಲೆದೂಗಿ ಕೇಳಿಸಿಕೊಳ್ಳುವರು. ಒಮ್ಮೆ ಅಬುಧಾಬಿಯಲ್ಲಿ ಸೌಹಾರ್ದ ಪಂದ್ಯ ಮುಗಿಸಿ ಬರುವಾಗ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ, ನಾನು ಹಿಂದಿನ ವಾರ ಬಾಯಿಗೆ ಬಂದಂತೆ ಹೇಳಿದ್ದ ಒಂದು ಮಾತನ್ನು ಹಿಡಿದುಕೊಂಡು, "ಅದನ್ನು ಯೋಚನೆ ಮಾಡಿದೆ. ನೀನು ಹೇಳಿದ್ದು ಹೌದು," ಎಂದರು. ಅವರು ಇಪ್ಪತ್ತೈದು ವರ್ಷ ಬಿಸಿಲಿನಲ್ಲಿ ಸುತ್ತಿ ಸಂಪಾದಿಸಿದ ನೋಟವನ್ನು ನನ್ನ ಒಂದು ಸುಳ್ಳು ಕೈಗಾಗಿ ಅನುಮಾನಿಸುತ್ತಿದ್ದರು. ಹೇಳಬೇಕು, ಈ ಶನಿವಾರ ಹೇಳಬೇಕು ಎಂದು ಹೋಗುವುದು, ಚಾ ಕುಡಿದು ಬರುವುದು. ಹೀಗೆ ಹತ್ತು ತಿಂಗಳು.

ಅವರನ್ನು ಊರಿಗೆ ಕಳಿಸಲು ನಾಲ್ಕು ದಿನ ಹಿಡಿಯಿತು. ಪೊಲೀಸ್, ಆಸ್ಪತ್ರೆ, ಕಾನ್ಸುಲೇಟ್, ವೀಸಾ ಕ್ಯಾನ್ಸಲ್, ಒಂದು ಕಾಗದ ಸಿಕ್ಕಿದ ಮೇಲೆಯೇ ಇನ್ನೊಂದು. ಗ್ಯಾರೇಜಿನ ಸರ್ಕಾರಿ ಕಾಗದಪತ್ರ ನೋಡಿಕೊಳ್ಳುವ ಪಿಆರ್‌ಒ ಜೊತೆ ನಾನೂ ರಿತೇಶನೂ ಓಡಾಡಿದೆವು. ರಿತೇಶ್ ಪ್ರತಿ ಕಾಗದವನ್ನೂ ಫೈಲಿನಲ್ಲಿ ಸರಿಯಾಗಿ ಜೋಡಿಸಿಟ್ಟು, ಕಾರಿನಲ್ಲಿ ಕುಳಿತಾಗ ಅಳುತ್ತಿದ್ದ. ಊರಿನಲ್ಲಿ ಅವರ ಹೆಂಡತಿ ಫೋನಿನಲ್ಲಿ ಒಂದೇ ಮಾತು ಕೇಳಿದರು: "ಮುನ್ನಾದಿನ ಊಟ ಮಾಡಿದ್ರಾ?" ನನಗೆ ಗೊತ್ತಿರಲಿಲ್ಲ. ಮಾಡಿದ್ದರು ಎಂದೆ.

ಅವರ ಸಾಮಾನಿಗೆ ನಮ್ಮ ಅಂಗಡಿಯಿಂದ ಒಂದು ಸೂಟ್‌ಕೇಸ್ ತಂದೆ. ದೊಡ್ಡದನ್ನೇ ತಂದಿದ್ದೆ. ಅರ್ಧವೂ ತುಂಬಲಿಲ್ಲ. ಅಂಗಡಿಯಲ್ಲಿ ಶೋಗೆ ಇಟ್ಟ ಚೀಲಗಳು ಕುಸಿಯದಿರಲೆಂದು ನಾವು ಕಾಗದ ತುರುಕುತ್ತೇವೆ. ಕೈ ಅಭ್ಯಾಸಬಲದಿಂದ ಕಾಗದ ಹುಡುಕಿತು. ಅದರ ಬದಲಿಗೆ ಹೊಸ ಟವೆಲ್‌ಗಳನ್ನು ಕೊಂಡು ತಂದು ತುಂಬಿಸಿದೆ.

ಹರಾಜನ್ನು ಎರಡು ವಾರ ಮುಂದೂಡಿದರು. ರಿತೇಶ್ ಅಂಗಡಿಗೇ ಬಂದ. "ಫೋರ್ಮನಣ್ಣ ನನಗೆ ಮೊದಲೇ ಹೇಳಿದ್ರು, ಈ ಸಲ ಕೊನೆ ಓವರಿನವನನ್ನು ನೀನು ಆರಿಸ್ತೀ ಅಂತ. ಹರಾಜಿನಲ್ಲಿ ಅವರ ಕುರ್ಚಿಯಲ್ಲಿ ನೀನೇ ಕೂತ್ಕೋ. ನಾನು ಆ್ಯಪ್ ತೆಗೆಯುವುದೇ ಇಲ್ಲ."

"ತೆಗಿ ಮಾರಾಯ. ದಯವಿಟ್ಟು ತೆಗಿ," ಎಂದೆ. ಅವನು ನಾನು ತಮಾಷೆ ಮಾಡುತ್ತೇನೆ ಎಂದುಕೊಂಡ.

ಜೋಕಿಂ ಹರಾಜಿನಲ್ಲಿದ್ದ. ಫೋರ್ಮನ್ ಅಣ್ಣ ಅವನನ್ನು ಪರೀಕ್ಷೆಯಿಲ್ಲದೆ ಒಪ್ಪಿದ್ದರು. ನಾನಾದರೂ ನನ್ನ ಕಣ್ಣಿನಿಂದ ನೋಡಿ ಆರಿಸಬೇಕು, ಒಮ್ಮೆಯಾದರೂ ನಿಜವಾಗಿ ನೋಡಬೇಕು ಎಂದು ಅವನನ್ನು ಗ್ಯಾರೇಜಿಗೆ ಕರೆದೆ. ಶಾಲೆ ಬಿಡುವುದಕ್ಕೆ ಮೊದಲು ಅವನಿಗೆ ಒಂದು ಗಂಟೆ ಬಿಡುವಿತ್ತು. ಬಸ್ಸಿನ ಯೂನಿಫಾರ್ಮಿನಲ್ಲೇ ಬಂದ. ಬಾಂಗ್ಲಾದೇಶಿ ಪೇಂಟರ್ ಕೇಳದೆಯೇ ಓಣಿಯಲ್ಲಿ ಡಬ್ಬ ಇಟ್ಟು, ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡ.

ಜೋಕಿಂ ಎರಡು ಚೆಂಡು ಹಾಕಿದ. ಮೂರನೆಯದಕ್ಕೆ ನಾನು ಕೈ ಚಾಚಿ ಕೂಗಿದೆ. ದನಿ ಸಣ್ಣದಾಗಿ ಬಂತು.

ಅವನು ನಿಂತ. "ಯಾವ ಕಾಲು ಸರ್, ಮುಂದಿನದ್ದಾ?"

"ಹೌದು. ಮುಂದಿನದ್ದು."

ಅವನು ತಲೆಯಾಡಿಸಿ ಹಿಂದೆ ನಡೆದ. ಅದೇ ಓಟ, ಅದೇ ಕೈ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವನು ಓಡಿ ಬಂದ. ಚೆಂಡು ಕೈ ಬಿಟ್ಟಿತು. ಡಬ್ಬ ಟಣ್ ಎಂದಿತು. ಆಗ ನನಗೆ ಗೊತ್ತಾಯಿತು, ನಾನು ನೋಡುತ್ತಿದ್ದದ್ದು ಡಬ್ಬವನ್ನು. ಅವನು ಬರುವಾಗ ನನ್ನ ಕಣ್ಣು ತಾನಾಗಿ ಆ ಕಡೆ ಹೋಗಿತ್ತು. ಅವನ ಓಟ ಹೇಗಿತ್ತು, ಕೈ ಹೇಗೆ ಬಂತು, ಮುಖ ಹೇಗಿತ್ತು, ಒಂದೂ ನನಗೆ ಕಾಣಲಿಲ್ಲ.

"ಸರಿ ಆಯ್ತಾ ಸರ್?" ಎಂದ ಜೋಕಿಂ.

"ಆಯ್ತು," ಎಂದೆ. ಇನ್ನೊಮ್ಮೆ ಹಾಕಿಸಿ ಪ್ರಯೋಜನವಿರಲಿಲ್ಲ. ಅವನಿಗೆ ಚಾ ತರಿಸಿದೆ.

ಕರಾಮದ ಒಂದು ರೆಸ್ಟೋರೆಂಟಿನ ಮಹಡಿಯ ಹಾಲಿನಲ್ಲಿ ಹರಾಜು ನಡೆಯಿತು. ಜೋಕಿಮನ ಹೆಸರು ಬಂದಾಗ ನಾನು ಬೋರ್ಡ್ ಎತ್ತಿದೆ. ಬೇರೆ ಯಾರೂ ಎತ್ತಲಿಲ್ಲ. "ಫೋರ್ಮನಣ್ಣನಿಗೆ ಖುಷಿಯಾಗ್ತಿತ್ತು," ಎಂದು ರಿತೇಶ್ ನನ್ನ ಕೈ ಹಿಸುಕಿದ. ಆಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ತಾವು ಹೇಳಿದ ಮಾತ್ರಕ್ಕೆ ಯಾರಾದರೂ ಒಬ್ಬನನ್ನು ತೆಗೆದುಕೊಂಡರೆ ಅವರಿಗೆ ಸಿಟ್ಟು ಬರುತ್ತಿತ್ತು. ನಾನು ಮಾಡಿದ್ದು ಅದನ್ನೇ. ಮೊದಲ ಸಲ ಅವರ ವಿರುದ್ಧ ಕೈ ಎತ್ತಿದ್ದು ನೋಡದೆ. ಈ ಸಲ ಅವರ ಪರವಾಗಿ ಎತ್ತಿದ್ದೂ ನೋಡದೆ.

ಜೋಕಿಂ ಮೂರು ಪಂದ್ಯ ಆಡಿದ್ದಾನೆ. ಎರಡು ಗೆದ್ದಿದ್ದೇವೆ, ಒಂದು ಅವನ ಓವರಿನಲ್ಲೇ ಹೋಯಿತು. ಅವನು ಒಳ್ಳೆಯವನೋ ಅಲ್ಲವೋ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಜಗಳ ನಡೆದೇ ಇದೆ. ಎಲ್ಲರೂ ಕೊನೆಗೆ ನನ್ನನ್ನು ಕೇಳುತ್ತಾರೆ. ಪಂದ್ಯದ ದಿನ ನನಗೆ ನೆರಳಿನಲ್ಲಿ ಕೂರಲು ಆಗುವುದಿಲ್ಲ. ಎದ್ದು ಗೆರೆಯ ಹೊರಗೆ ನಾಲ್ಕು ಹೆಜ್ಜೆ ಹೋಗುತ್ತೇನೆ, ಎಲ್ಲಿ ನಿಂತು ಏನು ನೋಡಬೇಕೆಂದು ತಿಳಿಯದೆ ಮರಳಿ ಬರುತ್ತೇನೆ.

ಕಳೆದ ವಾರ ಧೈರ್ಯ ಮಾಡಿ ರಿತೇಶನಿಗೆ ಹೇಳಿದೆ, ಅಂದು ನಿನ್ನ ಮನೆಯಲ್ಲಿ ನಾನು ಕೈ ಎತ್ತಿದ್ದು ಆ ಟ್ರೇಲರ್ ಮಾತಿಗೆ ಎಂದು. "ಅಷ್ಟೇನಾ? ಬಿಡು ಮಾರಾಯ, ನಾವು ಗೆದ್ದೆವಲ್ಲ," ಎಂದ.

ಅವನಿಗೆ ಹೇಳಿದ್ದರಿಂದ ಏನೂ ಇಳಿಯಲಿಲ್ಲ. ಅದನ್ನು ಕೇಳಬೇಕಾಗಿದ್ದವರು ಫೋರ್ಮನ್ ಅಣ್ಣ. ನಾನು ಅವರಿಗಿಂತ ಚೆನ್ನಾಗಿ ನೋಡಿದೆ ಎಂದು ನಂಬಿಕೊಂಡೇ ಅವರು ಹೋದರು. ಅದು ಹಾಗಲ್ಲ ಎಂಬ ಮಾತು ಅವರಿಗೆ ತಲುಪಲಿಲ್ಲ.